ಕಾರು ಎಲ್ಲಿ ನಿಲ್ಲುತ್ತೆ, ಹೇಳಿ ನೋಡೋಣ

ಕಾರು ಓಡಿಸೋಕೆ ಬರುತ್ತಾ ಅಂತ ಯಾರನ್ನಾದರೂ ಕೇಳಿ. "ಬರುತ್ತೆ, ಆದ್ರೆ ರಿವರ್ಸ್ ಸ್ವಲ್ಪ ಕಷ್ಟ" ಅಂತಾರೆ. ಇಲ್ಲಾಂದ್ರೆ "ಬರುತ್ತೆ, ಆದ್ರೆ ಸಿಟಿ ಟ್ರಾಫಿಕ್ ಅಂದ್ರೆ ಭಯ" ಅಂತಾರೆ. "ಬರುತ್ತೆ, ಆದ್ರೆ ಐವತ್ತರ ಸ್ಪೀಡಲ್ಲಿ ಬ್ರೇಕ್ ಒತ್ತಿದ್ರೆ ಎಷ್ಟು ದೂರದಲ್ಲಿ ನಿಲ್ಲುತ್ತೆ ಅನ್ನೋದು ಗೊತ್ತಿಲ್ಲ" ಅಂದವರನ್ನು ಮಾತ್ರ ನಾನು ಇಲ್ಲಿಯವರೆಗೆ ನೋಡಿಲ್ಲ. ಅದು ಗೊತ್ತಿಲ್ಲ ಅನ್ನುವುದೇ ನಮಗೆ ಗೊತ್ತಿರುವುದಿಲ್ಲ.

ನಾವು ಕಲಿಯುವ ರೀತಿ ಹಾಗಿದೆ. ಡ್ರೈವಿಂಗ್ ಸ್ಕೂಲಿನಲ್ಲಿ ದಿನಕ್ಕೆ ಅರ್ಧ ಗಂಟೆ, ಹೆಚ್ಚೆಂದರೆ ಮೂರನೇ ಗೇರು. ಪಕ್ಕದಲ್ಲಿ ಕೂತ ಮೇಷ್ಟ್ರ ಕಾಲಡಿ ಇನ್ನೊಂದು ಬ್ರೇಕು ಇರುತ್ತೆ, ನಮ್ಮ ಕಾಲಿಗಿಂತ ಮೊದಲು ಅವರ ಕಾಲು ಹೋಗಿರುತ್ತೆ. ಆಮೇಲೆ ಆರ್‌ಟಿಒ ಟ್ರ್ಯಾಕಿನಲ್ಲಿ ಒಂದು ಎಂಟು, ಒಂದು ರಿವರ್ಸು. ಡಿಎಲ್ ಮನೆಗೆ ಬರುತ್ತೆ. ಹೊಸ ಕಾರಿಗೆ ನಿಂಬೆಹಣ್ಣು ಇಟ್ಟು ಹತ್ತಿಸುತ್ತೇವೆ, ಆಯುಧಪೂಜೆಗೆ ಕುಂಬಳಕಾಯಿ ಒಡೆಯುತ್ತೇವೆ. ಆ ಕಾರಿನ ಬ್ರೇಕನ್ನು ಒಮ್ಮೆಯಾದರೂ ಪೂರ್ತಿ ಒತ್ತಿ ನೋಡಿರುತ್ತೇವಾ? ಇಲ್ಲ. ಮೊದಲ ಸಲ ಒತ್ತುವುದು ಮುಂದೆ ಒಂದು ಮಗುವೋ, ನಾಯಿಯೋ, ದಿಢೀರನೆ ತಿರುಗಿದ ಆಟೋವೋ ಬಂದಾಗ. ನಮ್ಮ ಆಫೀಸಿನ ಭಾಷೆಯಲ್ಲಿ ಹೇಳಬೇಕೆಂದರೆ, ಟೆಸ್ಟಿಂಗ್ ಮಾಡದೆ ನೇರ ಪ್ರೊಡಕ್ಷನ್‌ಗೆ ಬಿಟ್ಟ ಕೋಡು ಇದು.

ಅದಕ್ಕೇ ನಾನು ಮತ್ತು ಇಬ್ಬರು ಗೆಳೆಯರು ಆಗಾಗ ಒಂದು ಭಾನುವಾರ ಬೆಳಗ್ಗೆ ಹೊಸ ಚಾಲಕರನ್ನು ಸೇರಿಸಿ ಕೆಲವು ಅಭ್ಯಾಸ ಮಾಡಿಸುತ್ತೇವೆ. ಗೆಳೆಯರಲ್ಲಿ ಒಬ್ಬ ಡ್ರೈವಿಂಗ್ ಸ್ಕೂಲ್ ನಡೆಸುತ್ತಾನೆ, ಇನ್ನೊಬ್ಬ ಕೆಲವು ವರ್ಷ ರ‍್ಯಾಲಿಯಲ್ಲಿ ಓಡಿಸಿದವನು. ನನ್ನದು ಅಳತೆ, ಕೋನು, ಸೀಟಿ, ಲೆಕ್ಕ. ಜಾಗ, ಬೆಂಗಳೂರಿನ ಹೊರಗಿನ ಒಂದು ಕಾಲೇಜಿನ ಬಸ್ಸುಗಳು ನಿಲ್ಲುವ ಡಾಂಬರು ಅಂಗಳ. ಭಾನುವಾರ ಖಾಲಿ. ಉದ್ದ ಸುಮಾರು ಇನ್ನೂರು ಮೀಟರ್. ಅನುಮತಿ ಪತ್ರ ತಗೊಂಡು, ಗೇಟು ಹಾಕಿಸಿ, ಸೆಕ್ಯುರಿಟಿ ಅಣ್ಣನಿಗೆ ಯಾರನ್ನೂ ಒಳಗೆ ಬಿಡಬೇಡಿ ಅಂತ ಹೇಳಿಯೇ ಶುರು. ಒಮ್ಮೆಗೆ ಆರೇಳು ಜನ, ಅವರವರದೇ ಕಾರು. ಅಮೆರಿಕದಲ್ಲಿ ಟೈರ್ ರ‍್ಯಾಕ್ ಸ್ಟ್ರೀಟ್ ಸರ್ವೈವಲ್ ಅಂತ ಹದಿಹರೆಯದವರಿಗೆ ಇಂಥ ಶಿಬಿರ ನಡೆಯುತ್ತದೆ, ಅಲ್ಲೂ ಮಕ್ಕಳು ದಿನಾ ಓಡಿಸುವ ಕಾರಿನಲ್ಲೇ ಕಲಿಯುತ್ತಾರೆ. ಕಾರಣ ಸರಳ. ನಾಳೆ ರಸ್ತೆಯಲ್ಲಿ ನಿಲ್ಲಿಸಬೇಕಾದದ್ದು ನಮ್ಮ ಕಾರನ್ನೇ ತಾನೆ?

ಮೊದಲ ಮುಕ್ಕಾಲು ಗಂಟೆ ಯಾರೂ ಕಾರು ಸ್ಟಾರ್ಟ್ ಮಾಡುವುದಿಲ್ಲ. ಬಂದವರಿಗೆ ಇದು ಬೇಜಾರು. ಟೈರಿನ ಗಾಳಿ ನೋಡ್ತೀವಿ. ಆಮೇಲೆ ಕಾರಿನೊಳಗಿರುವ ಬಿಡಿ ಸಾಮಾನೆಲ್ಲ ಹೊರಗೆ. ನೀರಿನ ಬಾಟಲು, ಛತ್ರಿ, ಪವರ್ ಬ್ಯಾಂಕು, ಡ್ಯಾಶ್‌ಬೋರ್ಡ್ ಮೇಲಿನ ಗಣಪತಿ ಅಂಟಿಸಿಲ್ಲದಿದ್ದರೆ ಅವನೂ. ಜೋರಾಗಿ ಬ್ರೇಕ್ ಒತ್ತಿದಾಗ ಸೀಟಿನಡಿಯ ಬಾಟಲು ಉರುಳಿಕೊಂಡು ಬಂದು ಬ್ರೇಕ್ ಪೆಡಲಿನ ಕೆಳಗೇ ಸಿಕ್ಕಿಕೊಳ್ಳಬಹುದು. ಹಾಗೆ ಸಿಕ್ಕಿಕೊಂಡರೆ ಬ್ರೇಕು ಕೆಳಗೆ ಹೋಗೋದೇ ಇಲ್ಲ. ಹಿಂದೆ ಪಟ್ಟಿ ಇಲ್ಲದ ಚಪ್ಪಲಿ ಹಾಕಿಕೊಂಡು ಬಂದವರು ಶೂ ಹಾಕಿಕೊಳ್ಳಬೇಕು.

ಆಮೇಲೆ ಸೀಟು. ಹೊಸಬರಲ್ಲಿ ಎರಡು ಜಾತಿ. ಒಂದು, ಸ್ಟೀರಿಂಗನ್ನು ಅಪ್ಪಿಕೊಂಡು ಕೂರುವವರು. ಇನ್ನೊಂದು, ಸೋಫಾದಲ್ಲಿ ಒರಗಿದಂತೆ ಕೂರುವವರು. ಪರೀಕ್ಷೆ ಸುಲಭ. ಎಂಜಿನ್ ಆಫ್ ಇರುವಾಗಲೇ ಬ್ರೇಕನ್ನು ಇದ್ದಬದ್ದ ಶಕ್ತಿಯಲ್ಲಿ ಒತ್ತಿ. ಆಗಲೂ ಮಂಡಿ ಸ್ವಲ್ಪ ಮಡಿಸಿರಬೇಕು, ಬೆನ್ನು ಸೀಟಿಗೆ ತಾಗಿರಬೇಕು. ಕೈ ಮುಂದೆ ಚಾಚಿದರೆ ಮಣಿಕಟ್ಟು ಸ್ಟೀರಿಂಗಿನ ಮೇಲಂಚಿಗೆ ಬರಬೇಕು. ಎದೆಗೂ ಸ್ಟೀರಿಂಗಿಗೂ ಕನಿಷ್ಠ 25 ಸೆಂಟಿಮೀಟರ್ ಅಂತರ ಬೇಕು, ಏರ್‌ಬ್ಯಾಗ್ ಉಬ್ಬಲು ಅಷ್ಟು ಜಾಗ ಬೇಕೇ ಬೇಕು. ಇಷ್ಟು ಸರಿ ಮಾಡಿದರೆ ಅರ್ಧ ಜನರ ಹಾಫ್ ಕ್ಲಚ್ ಸಮಸ್ಯೆಯೂ ಅಲ್ಲೇ ಕಡಿಮೆಯಾಗುತ್ತೆ.

ಈಗ ಮೊದಲ ಅಭ್ಯಾಸ. ಒಂದು ಸಾಲು ಕೋನು ಇಟ್ಟಿರುತ್ತೇವೆ. ಕಾರಿನ ಮುಂದಿನ ಚಕ್ರ ಅದನ್ನು ದಾಟುವಾಗ ಬ್ರೇಕ್ ಪೂರ್ತಿ ಒತ್ತಬೇಕು. ಮೊದಲು ಗಂಟೆಗೆ 30 ಕಿಲೋಮೀಟರ್, ಆಮೇಲೆ 40, ಆಮೇಲೆ 50. ಅದಕ್ಕಿಂತ ಮೇಲೆ ನಮ್ಮ ಅಂಗಳದಲ್ಲಿ ಹೋಗುವುದಿಲ್ಲ. ಒಮ್ಮೆಗೆ ಒಂದೇ ಕಾರು, ಪಕ್ಕದಲ್ಲಿ ನಮ್ಮಲ್ಲೊಬ್ಬರು, ಬೇರೆ ಎಲ್ಲರೂ ಕಟ್ಟೆಯ ಆಚೆ. ಆದರೆ ಕಾರು ಹತ್ತುವ ಮೊದಲು ಒಂದು ಕೆಲಸ ಇದೆ. ಪ್ರತಿಯೊಬ್ಬರ ಕೈಗೂ ಒಂದು ಬಣ್ಣದ ಸೀಮೆಸುಣ್ಣ ಕೊಡ್ತೀವಿ. "ನಿಮ್ಮ ಕಾರು ಎಲ್ಲಿ ನಿಲ್ಲುತ್ತೆ ಅನ್ಸುತ್ತೋ ಅಲ್ಲಿ ಗೆರೆ ಎಳೀರಿ."

ಸಾಫ್ಟ್‌ವೇರ್‌ನವರಿಗೆ ಇದು ಹೊಸದಲ್ಲ. ಸ್ಪ್ರಿಂಟ್ ಶುರುವಾಗುವ ಮೊದಲು ಎಸ್ಟಿಮೇಟ್ ಕೊಡೋದು, ಕೊನೆಯಲ್ಲಿ ನಿಜ ಎಷ್ಟಾಯ್ತು ಅಂತ ನೋಡೋದು, ಅಷ್ಟೇ. ನಮ್ಮ ಎಸ್ಟಿಮೇಟ್‌ಗಳ ಗತಿ ಏನಾಗುತ್ತೆ ಅಂತ ನಿಮಗೂ ಗೊತ್ತು. ಇಲ್ಲೂ ಅದೇ.

30ರಲ್ಲಿ ಹೆಚ್ಚಿನವರ ಗೆರೆ ಸರಿ ಇರುತ್ತೆ. ಕೆಲವರು ಹೆದರಿ ದೂರ ಎಳೆದಿರ್ತಾರೆ, ಕಾರು ಐದಾರು ಮೀಟರಿನಲ್ಲೇ ನಿಂತಾಗ ಖುಷಿಯಾಗುತ್ತೆ. ಆ ಖುಷಿಯಲ್ಲೇ 50ಕ್ಕೆ ಗೆರೆ ಎಳೀತಾರೆ. 30ಕ್ಕೆ ಐದು ಮೀಟರ್ ಆದ್ರೆ 50ಕ್ಕೆ ಎಂಟೋ ಒಂಬತ್ತೋ ಅನ್ನೋದು ಅವರ ಲೆಕ್ಕ. ಕಾರು ಆ ಗೆರೆ ದಾಟಿ, ಇನ್ನೂ ಐದಾರು ಮೀಟರ್ ಮುಂದೆ ಹೋಗಿ ನಿಲ್ಲುತ್ತೆ. ಇಳಿದು ಬಂದು ಗೆರೆಗೂ ಬಂಪರಿಗೂ ನಡುವಿನ ಜಾಗ ನೋಡ್ತಾರೆ. ಆ ಜಾಗದಲ್ಲಿ ಒಂದು ಕಾರು ಆರಾಮಾಗಿ ನಿಲ್ಲಬಹುದು. ಯಾರೂ ಏನೂ ಹೇಳಬೇಕಾಗಿಲ್ಲ.

ಲೆಕ್ಕ ಪಿಯುಸಿಯಲ್ಲಿ ಎಲ್ಲರೂ ಓದಿದ್ದೇ. ನಿಲ್ಲುವ ದೂರ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತೆ. ವೇಗ ಎರಡು ಪಟ್ಟಾದರೆ ದೂರ ನಾಲ್ಕು ಪಟ್ಟು. ಒಣ ಡಾಂಬರು, ಒಳ್ಳೆ ಟೈರು ಅಂತ ಇಟ್ಟುಕೊಂಡರೆ ಬ್ರೇಕ್ ಹಿಡಿದ ಮೇಲೆ 30ಕ್ಕೆ ಸುಮಾರು 5 ಮೀಟರ್, 50ಕ್ಕೆ 14, 80ಕ್ಕೆ 36, ನೂರಕ್ಕೆ 56. ಇದು ಬ್ರೇಕ್ ಹಿಡಿದ ಮೇಲಿನ ಮಾತು. ಕಣ್ಣಿಗೆ ಕಂಡು, ತಲೆಗೆ ಹೋಗಿ, ಕಾಲು ಎದ್ದು ಬ್ರೇಕಿನ ಮೇಲೆ ಬೀಳಲು ಒಂದು ಸೆಕೆಂಡ್ ಅಂತ ಹಿಡಿದರೂ 50ರಲ್ಲಿ ಕಾರು ಇನ್ನೊಂದು 14 ಮೀಟರ್ ಸುಮ್ಮನೆ ಓಡಿರುತ್ತೆ. ಒಟ್ಟು 28.

ನಾನು ಬೋರ್ಡಿನ ಮೇಲೆ ಬರೆದು ತೋರಿಸುವ ಒಂದೇ ಒಂದು ಲೆಕ್ಕ ಮುಂದಿನದು. ಎರಡು ಕಾರು ಅಕ್ಕಪಕ್ಕ ಹೋಗ್ತಿವೆ. ಒಂದು 50ರಲ್ಲಿ, ಇನ್ನೊಂದು 60ರಲ್ಲಿ. 28 ಮೀಟರ್ ಮುಂದೆ ಒಂದು ಮಗು ರಸ್ತೆಗೆ ಇಳಿಯಿತು. ಇಬ್ಬರೂ ಒಂದೇ ಕ್ಷಣಕ್ಕೆ ನೋಡಿದರು, ಇಬ್ಬರೂ ಒಂದೇ ಥರ ಬ್ರೇಕ್ ಒತ್ತಿದರು. 50ರ ಕಾರು ಮಗುವಿನ ಮುಂದೆ ನಿಂತಿತು. 60ರ ಕಾರು ಆ ಜಾಗಕ್ಕೆ ಬಂದಾಗ ಅದರ ವೇಗ ಎಷ್ಟಿರುತ್ತೆ? ಎಲ್ಲರೂ ಹತ್ತು ಅಂತಾರೆ. ಹತ್ತು ಹೆಚ್ಚಿತ್ತಲ್ಲ, ಹತ್ತೇ ಉಳಿಯುತ್ತೆ ಅನ್ನೋ ತರ್ಕ. ಉತ್ತರ, ಸುಮಾರು 40. ಮಾಡಿ ನೋಡಿ. ಮೊದಲ ಸೆಕೆಂಡಿನಲ್ಲಿ 60ರ ಕಾರು 17 ಮೀಟರ್ ತಿಂದುಬಿಟ್ಟಿರುತ್ತೆ, ಬ್ರೇಕಿಗೆ ಉಳಿದದ್ದು 11 ಮೀಟರ್. ಅಷ್ಟರಲ್ಲಿ 60 ಇಳಿದು 40 ಆಗುತ್ತೆ, ಅಷ್ಟೇ.

ಬ್ರೇಕಿನ ಇನ್ನೊಂದು ಪಾಠ ಕಾಲಿನದು. 2019ರ ಏಪ್ರಿಲ್‌ನಿಂದ ನಮ್ಮ ದೇಶದಲ್ಲಿ ಮಾರುವ ಹೊಸ ಕಾರುಗಳಲ್ಲೆಲ್ಲ ಎಬಿಎಸ್ ಕಡ್ಡಾಯ. ಚಕ್ರ ತಿರುಗುವುದು ನಿಂತು ಬರೀ ಜಾರುವ ಹಂತಕ್ಕೆ ಬಂದಾಗ ಅದು ಒಂದು ಸೆಕೆಂಡಿನಲ್ಲಿ ಎಷ್ಟೋ ಸಲ ಬ್ರೇಕ್ ಬಿಟ್ಟು ಹಿಡಿಯುತ್ತೆ. ಆಗ ಪೆಡಲು ಕಾಲಡಿ ಗಡಗಡ ಅಂತ ನಡುಗುತ್ತೆ, ಕಟಕಟ ಶಬ್ದ ಬರುತ್ತೆ. ಮೊದಲ ಸಲ ಕೇಳಿದವರು ಏನೋ ಮುರಿದುಹೋಯ್ತು ಅಂದುಕೊಂಡು ಕಾಲು ತೆಗೆದುಬಿಡ್ತಾರೆ. ಅಂದರೆ ಯಾವ ಕ್ಷಣಕ್ಕೆ ಅಂತ ದುಡ್ಡು ಕೊಟ್ಟು ಆ ವ್ಯವಸ್ಥೆ ಕೊಂಡೆವೋ, ಅದೇ ಕ್ಷಣದಲ್ಲಿ ಅದನ್ನು ಆಫ್ ಮಾಡಿದ ಹಾಗೆ. ಆದ್ದರಿಂದ ನಾವು ಹೇಳುವುದು ಇಷ್ಟೇ. ಕ್ಲಚ್, ಬ್ರೇಕ್ ಎರಡೂ ಒತ್ತಿ. ನಡುಗಲಿ, ಬಿಡಬೇಡಿ. ಪೂರ್ತಿ ನಿಲ್ಲುವವರೆಗೂ ಬಿಡಬೇಡಿ. ಎರಡು ಮೂರು ಸಲ ಮಾಡಿದ ಮೇಲೆ ಆ ನಡುಕ ಪರಿಚಯದ ಶಬ್ದವಾಗುತ್ತೆ.

ಎಬಿಎಸ್‌ನ ನಿಜವಾದ ಉಪಕಾರ ಇನ್ನೊಂದಿದೆ. ಚಕ್ರ ಕಚ್ಚಿಕೊಂಡು ಜಾರುತ್ತಿದ್ದರೆ ಸ್ಟೀರಿಂಗ್ ಎಷ್ಟು ತಿರುಗಿಸಿದರೂ ಕಾರು ನೇರಕ್ಕೇ ಹೋಗುತ್ತೆ. ಎಬಿಎಸ್ ಇದ್ದರೆ ಬ್ರೇಕ್ ಒತ್ತಿಕೊಂಡೇ ಪಕ್ಕಕ್ಕೆ ತಿರುಗಿಸಬಹುದು. ಎರಡನೇ ಅಭ್ಯಾಸ ಅದು. 40ರಲ್ಲಿ ಬಂದು, ಬ್ರೇಕ್ ಒತ್ತಿ, ಎದುರಿನ ರಟ್ಟಿನ ಡಬ್ಬಗಳ ಸಾಲನ್ನು ತಪ್ಪಿಸಿ ಪಕ್ಕದ ದಾರಿಗೆ ಹೋಗಿ ನಿಲ್ಲಬೇಕು. ಇಲ್ಲಿ ಕೆಡುವುದು ಕೈಯಲ್ಲ, ಕಣ್ಣು. ಡಬ್ಬವನ್ನೇ ನೋಡ್ತಾ ಬಂದವರು ಡಬ್ಬಕ್ಕೇ ಹೋಗಿ ಗುದ್ದುತ್ತಾರೆ. ಖಾಲಿ ಜಾಗ ನೋಡಿದವರ ಕಾರು ಖಾಲಿ ಜಾಗಕ್ಕೆ ಹೋಗುತ್ತೆ. ಸಾಲು ಕೋನುಗಳ ನಡುವೆ ಹಾವಿನ ಹಾಗೆ ಹೋಗುವ ಅಭ್ಯಾಸದಲ್ಲೂ ಇದೇ ಪಾಠ. ಪಕ್ಕದ ಕೋನು ನೋಡಬೇಡಿ, ಅದರ ಮುಂದಿನದನ್ನು ನೋಡಿ.

ಈ ತಪ್ಪಿಸಿಕೊಳ್ಳುವ ಪರೀಕ್ಷೆಗೆ ಸ್ವೀಡನ್‌ನಲ್ಲಿ ಅಲ್ಲಿಯ ಕಾಡಿನ ದೊಡ್ಡ ಕಡವೆಯಂಥ ಪ್ರಾಣಿಯ ಹೆಸರಿದೆ. 1997ರಲ್ಲಿ ಅಲ್ಲಿನ ಒಂದು ಪತ್ರಿಕೆಯವರು ಮರ್ಸಿಡಿಸ್‌ನ ಹೊಸ ಎ ಕ್ಲಾಸ್ ಕಾರನ್ನು ಹಾಗೆ ತಿರುಗಿಸಿದಾಗ ಅದು ಮಗುಚಿಕೊಂಡಿತು. ಕಂಪನಿ ಆಮೇಲೆ ಕಾರನ್ನು ತಿದ್ದಿ, ಜಾರದಂತೆ ಹಿಡಿಯುವ ಇಎಸ್‌ಪಿ ವ್ಯವಸ್ಥೆಯನ್ನು ಎಲ್ಲದರಲ್ಲೂ ಕೊಟ್ಟಿತು. ನಮ್ಮಲ್ಲಾದರೆ ಇದಕ್ಕೆ ಎಮ್ಮೆ ಟೆಸ್ಟ್ ಅನ್ನಬಹುದು. ಒಂದೇ ವ್ಯತ್ಯಾಸ, ನಮ್ಮ ಎಮ್ಮೆ ನೀವು ತಪ್ಪಿಸಿದ ಕಡೆಗೇ ಬರುತ್ತೆ. ಅದಕ್ಕೇ ನಾವು ಮೊದಲು ಬ್ರೇಕು, ತಿರುಗಿಸುವುದು ಆಮೇಲೆ ಅಂತ ಹೇಳಿಕೊಡೋದು. ಜೋರಾಗಿ ಪಕ್ಕಕ್ಕೆ ಎಳೆದರೆ ಅಲ್ಲೊಂದು ಸ್ಕೂಟರ್ ಇದ್ದೇ ಇರುತ್ತೆ. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ, ಅವರಲ್ಲಿ ನೂರಕ್ಕೆ 44ಕ್ಕೂ ಹೆಚ್ಚು ಜನ ದ್ವಿಚಕ್ರ ವಾಹನದವರು.

ಪಕ್ಕದ ಸೀಟಿನಲ್ಲಿ ಕೂರುವ ನಮಗೂ ನಿಯಮಗಳಿವೆ. ಮಾತು ಕಡಿಮೆ. "ಬ್ರೇಕ್", "ಬಿಡು", "ದೂರ ನೋಡು", "ನಿಲ್ಲಿಸು". ನಾಲ್ಕೇ ಶಬ್ದ. ವಿವರಣೆಯೆಲ್ಲ ಕಾರು ನಿಂತ ಮೇಲೆ. ಕೂಗುವ ಹಾಗಿಲ್ಲ. ನನ್ನ ಆಫೀಸಿನ ಸಹೋದ್ಯೋಗಿಯೊಬ್ಬಳು ಡಿಎಲ್ ತಗೊಂಡು ಆರು ವರ್ಷ ಆಗಿತ್ತು, ಕಾರು ಮುಟ್ಟಿರಲಿಲ್ಲ. ಮನೆಯಲ್ಲಿ ಓಡಿಸಲು ಕೂತಾಗಲೆಲ್ಲ ಪಕ್ಕದಲ್ಲಿ ಗಂಡ "ಏಯ್, ನೋಡು, ನೋಡು" ಅಂತ ಕೂಗೋನಂತೆ. "ಏನು ನೋಡ್ಬೇಕು ಅಂತ ಮಾತ್ರ ಹೇಳ್ತಿರ್ಲಿಲ್ಲ" ಅಂದಳು. ಅಂದು ಬಂದವರಲ್ಲಿ ಸೀಮೆಸುಣ್ಣದ ಗೆರೆಗೆ ಅತಿ ಹತ್ತಿರ ನಿಂತ ಕಾರು ಅವಳದೇ. ಮೂರನೇ ಸಲ 50ರಲ್ಲಿ ಅರ್ಧ ಮೀಟರ್ ವ್ಯತ್ಯಾಸ. ಅವಳಿಗೆ ಕೌಶಲದ ಕೊರತೆ ಇರಲಿಲ್ಲ, ಶಾಂತವಾಗಿ ಮಾಡಿ ನೋಡಲು ಜಾಗವೇ ಸಿಕ್ಕಿರಲಿಲ್ಲ.

ಇಷ್ಟು ಓದಿದ ಮೇಲೆ, ಇಂಥ ಅಭ್ಯಾಸ ಮಾಡಿದವರು ರಸ್ತೆಯಲ್ಲಿ ಹೆಚ್ಚು ಸುರಕ್ಷಿತ ಅಂತ ನಿಮಗೆ ಅನ್ನಿಸಿರಬಹುದು. ಹಾಗೆ ಅನ್ನಿಸುವುದೇ ಅಪಾಯ.

1979ರಲ್ಲಿ ನಾರ್ವೆ ದೇಶ ಹೊಸ ಚಾಲಕರಿಗೆಲ್ಲ ಜಾರುವ ರಸ್ತೆಯಲ್ಲಿ ಕಾರು ಹತೋಟಿಗೆ ತರುವ ತರಬೇತಿಯನ್ನು ಕಡ್ಡಾಯ ಮಾಡಿತು. ಆಮೇಲೆ ಅಧ್ಯಯನ ಮಾಡಿದಾಗ ಎಳೆಯ ಗಂಡುಹುಡುಗರು ಜಾರುವ ರಸ್ತೆಯಲ್ಲಿ ಮಾಡಿಕೊಂಡ ಅಪಘಾತಗಳು ಕಡಿಮೆಯಾಗುವ ಬದಲು ಹೆಚ್ಚಾಗಿದ್ದು ಕಂಡಿತು. ಸ್ವೀಡನ್‌ನ ಗ್ರೆಗರ್ಸೆನ್ ಎಂಬ ಸಂಶೋಧಕ 1996ರಲ್ಲಿ ಪ್ರಕಟಿಸಿದ ಪ್ರಯೋಗ ಇನ್ನೂ ಸ್ಪಷ್ಟ. ಕಲಿಯುವವರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಬ್ರೇಕ್ ಹಾಕಿ ತಪ್ಪಿಸಿಕೊಳ್ಳುವ ಕೌಶಲ ಹೇಳಿಕೊಟ್ಟರು. ಇನ್ನೊಂದಕ್ಕೆ ಅದೇ ಜಾಗದಲ್ಲಿ, ನಿಮ್ಮ ಕೌಶಲ ಎಲ್ಲಿಗೆ ಮುಗಿಯುತ್ತೆ ಅನ್ನುವುದನ್ನು ತೋರಿಸಿದರು. ಆಮೇಲೆ ಪರೀಕ್ಷೆ ಮಾಡಿದರೆ ಎರಡೂ ಗುಂಪಿನ ಕೌಶಲ ಒಂದೇ. ಆದರೆ ಮೊದಲ ಗುಂಪಿನವರು ನಾವು ಜಾಣರು ಅಂತ ಹೆಚ್ಚು ನಂಬಿದ್ದರು.

ಅಂದರೆ ಒಂದೇ ಅಂಗಳ, ಅವೇ ಕೋನು. ಕಲಿಸುವವರು ಯಾವುದರ ಮೇಲೆ ಬೆರಳಿಡುತ್ತಾರೆ ಅನ್ನುವುದರ ಮೇಲೆ ಮನೆಗೆ ಹೋಗುವವನು ಬೇರೆ ಆಗುತ್ತಾನೆ. "ಭೇಷ್, ಸೂಪರ್ ಆಗಿ ತಪ್ಪಿಸಿದೆ" ಅಂತ ಬೆನ್ನು ತಟ್ಟಿ ಕಳಿಸಿದರೆ ಅವನು ಮುಂದಿನ ವಾರ ಹೆದ್ದಾರಿಯಲ್ಲಿ ನೂರಿಪ್ಪತ್ತರಲ್ಲಿ ಹೋಗ್ತಾನೆ. ತಪ್ಪಿಸಿಕೊಳ್ಳೋಕೆ ಬರುತ್ತಲ್ಲ! ಆದ್ದರಿಂದ ನಮ್ಮಲ್ಲಿ ಸರ್ಟಿಫಿಕೇಟ್ ಇಲ್ಲ, ಬಹುಮಾನ ಇಲ್ಲ, ಯಾರು ಫಾಸ್ಟ್ ಅಂತ ಸಮಯ ನೋಡೋದಿಲ್ಲ. ಅಳೆಯುವುದು ಒಂದನ್ನೇ, ಗೆರೆಗೂ ಬಂಪರಿಗೂ ನಡುವಿನ ಅಂತರ. ಎಷ್ಟು ಬೇಗ ನಿಲ್ಲಿಸಿದೆ ಅನ್ನುವುದಕ್ಕಿಂತ, ಎಲ್ಲಿ ನಿಲ್ಲುತ್ತೆ ಅಂತ ಎಷ್ಟು ಸರಿಯಾಗಿ ಹೇಳಿದೆ ಅನ್ನುವುದು ಮುಖ್ಯ.

ಕಳೆದ ಸಲ ಇದರ ಪರೀಕ್ಷೆ ನಮಗೇ ಆಯ್ತು. ಎಂಜಿನಿಯರಿಂಗ್ ಕೊನೆಯ ವರ್ಷದ ಹುಡುಗ ಒಬ್ಬ ಬಂದಿದ್ದ. ಡಿಎಲ್ ಸಿಕ್ಕಿ ಎರಡು ತಿಂಗಳು. ಕೈ ಚುರುಕು. ಕೋನುಗಳ ನಡುವೆ ಎರಡನೇ ಸಲಕ್ಕೇ ನೀರು ಹರಿದ ಹಾಗೆ ಹೋದ. ಅವನ ಅಪ್ಪ ಕಟ್ಟೆಯ ಮೇಲೆ ಕೂತು ನೋಡ್ತಿದ್ದರು. ಟೀ ಬ್ರೇಕಿನಲ್ಲಿ ನನ್ನನ್ನು ಪಕ್ಕಕ್ಕೆ ಕರೆದರು.

"ಏನಪ್ಪಾ, ಮುಂದಿನ ಶುಕ್ರವಾರ ಇವನು ನಾಲ್ಕು ಜನ ಫ್ರೆಂಡ್ಸ್ ಕರ್ಕೊಂಡು ಸಕಲೇಶಪುರಕ್ಕೆ ಹೋಗ್ಬೇಕಂತೆ. ರಾತ್ರಿ ಹನ್ನೆರಡಕ್ಕೆ ಹೊರಟ್ರೆ ಬೆಳಗ್ಗೆ ಸೂರ್ಯ ಹುಟ್ಟೋದು ನೋಡ್ಬಹುದಂತೆ. ನೀವೇ ನೋಡಿದ್ರಲ್ಲ ಓಡ್ಸೋದು. ಕಾರ್ ಕೀ ಕೊಡ್ಲಾ?"

ಸುಲಭದ ಪ್ರಶ್ನೆಯಲ್ಲ. ಕೊಡಿ ಅಂದರೆ ಐದು ಮನೆಯ ಮಕ್ಕಳ ಜವಾಬ್ದಾರಿ ನನ್ನ ಬಾಯಲ್ಲಿ ಬಂತು. ಬೇಡ ಅಂದರೆ ಹುಡುಗ ಬೇರೆ ಯಾರದೋ ಕಾರಿನಲ್ಲಿ ಹೋಗ್ತಾನೆ. "ಅಂಕಲ್, ಇನ್ನೊಂದು ಅಭ್ಯಾಸ ಬಾಕಿ ಇದೆ. ಮೊದಲು ನೀವೇ ಒಂದು ಸಲ ಬ್ರೇಕ್ ಹೊಡೆದು ನೋಡ್ತೀರಾ?" ಅಂದೆ.

ನಕ್ಕರು. ಇಪ್ಪತ್ತೈದು ವರ್ಷದಿಂದ ಓಡಿಸುತ್ತಿರುವವರು. ಸೀಮೆಸುಣ್ಣದಲ್ಲಿ ಗೆರೆ ಎಳೆದು, 50ರಲ್ಲಿ ಬಂದರು. ಪೆಡಲು ಗಡಗಡ ಅಂದ ತಕ್ಷಣ ಕಾಲು ಸಡಿಲ ಬಿಟ್ಟರು. ಕಾರು ಅವರ ಗೆರೆಗಿಂತ ಹತ್ತು ಹೆಜ್ಜೆ ಮುಂದೆ ನಿಂತಿತು. ಇಳಿದು, ಹಿಂದೆ ನಡೆದುಕೊಂಡು ಬಂದು, ಗೆರೆಯ ಹತ್ತಿರ ಸ್ವಲ್ಪ ಹೊತ್ತು ನಿಂತರು. "ಇಷ್ಟು ವರ್ಷದಲ್ಲಿ ಇದು ಬೇಕಾಗ್ಲೇ ಇಲ್ವಲ್ಲ" ಅಂದರು. ಅದು ನಿಜ. ಅವರ ಸುರಕ್ಷತೆ ಇದ್ದದ್ದು ನಿಧಾನದಲ್ಲಿ, ಅಂತರದಲ್ಲಿ, ರಾತ್ರಿ ಹೊರಡದಿರುವುದರಲ್ಲಿ. ಬ್ರೇಕಿನ ಜಾಣತನದಲ್ಲಲ್ಲ. ಮಗನಿಗೆ ಇಂದು ಸಿಕ್ಕಿದ್ದು ಎರಡನೆಯದು, ಮೊದಲನೆಯದು ಇನ್ನೂ ಬರಬೇಕಿತ್ತು.

ಕೊನೆಯ ಅಭ್ಯಾಸಕ್ಕೆ ಹೆಸರಿಲ್ಲ, ನಾವು ಸುಮ್ಮನೆ "ಫುಲ್ ಕಾರ್" ಅಂತೀವಿ. ವೇಗ 40 ಮಾತ್ರ. ಡ್ರೈವರ್ ಪಕ್ಕದಲ್ಲಿ ನಮ್ಮವನೇ. ಹಿಂದಿನ ಸೀಟಿನಲ್ಲಿ ಬಂದವರಲ್ಲೇ ಮೂರು ಜನ, ಎಲ್ಲರಿಗೂ ಬೆಲ್ಟು. ಹಾಡು ಹಾಕ್ತೀವಿ. ಹಿಂದಿನವರ ಕೆಲಸ ಜೋರಾಗಿ ಮಾತಾಡೋದು, ಡ್ರೈವರನ್ನೂ ಮಾತಿಗೆಳೆಯೋದು. ಈ ಸಲ ಎಲ್ಲಿ ಬ್ರೇಕ್ ಒತ್ತಬೇಕು ಅನ್ನೋದು ಮೊದಲೇ ಗೊತ್ತಿರಲ್ಲ. ಅಂಗಳದ ಪಕ್ಕದಲ್ಲಿ ನಿಂತ ನಾನು ಯಾವಾಗಲಾದರೂ ಕೆಂಪು ಬಾವುಟ ಎತ್ತುತ್ತೇನೆ. ಎತ್ತಿದ ಜಾಗಕ್ಕೂ ಕಾರು ನಿಂತ ಜಾಗಕ್ಕೂ ಅಳತೆ.

ಹುಡುಗ ಗೆರೆ ಎಳೆದ. ಅವನ ಹಿಂದಿನ ಲೆಕ್ಕಗಳೆಲ್ಲ ಸರಿ ಬಂದಿದ್ದವು, ಈ ಸಲವೂ ಲೆಕ್ಕ ಹಾಕಿಯೇ ಎಳೆದ. ಬಾವುಟಕ್ಕೆ ಒಂದು ಸೆಕೆಂಡು, ಅಂದರೆ 11 ಮೀಟರ್, ಬ್ರೇಕಿಗೆ 9, ಒಟ್ಟು 20. ಕಾರು ಬಂತು. ಹಿಂದೆ ಯಾರೋ ಏನೋ ಹೇಳಿದರು, ಎಲ್ಲ ನಕ್ಕರು, ಅವನೂ ನಕ್ಕ. ನಾನು ಬಾವುಟ ಎತ್ತಿದೆ. ಕಾರು ಬರ್ತಾನೇ ಇತ್ತು. ಬ್ರೇಕು ಬಿದ್ದಾಗ ಪೂರ್ತಿ ಬಿತ್ತು, ಕಾಲು ಸಡಿಲವಾಗಲಿಲ್ಲ, ಕಲಿತದ್ದನ್ನು ತಪ್ಪಿಲ್ಲದೆ ಮಾಡಿದ. ಆದರೂ ನಿಂತದ್ದು ಮೂವತ್ತಮೂರನೇ ಮೀಟರಿನಲ್ಲಿ. ಗೆರೆಯಾಚೆ ಇಟ್ಟಿದ್ದ ಎರಡು ರಟ್ಟಿನ ಡಬ್ಬ ಬಾನೆಟ್ಟಿನಡಿ ಚಪ್ಪಟೆಯಾಗಿದ್ದವು.

ಟೇಪು ಹಿಡಿದು ಅಳೆದದ್ದು ಅವನೇ. "ಬ್ರೇಕ್ ಸರಿಯಾಗೇ ಒತ್ತಿದ್ನಲ್ಲಾ?" ಅಂತ ಕೇಳಿದ. ಸರಿಯಾಗೇ ಒತ್ತಿದ್ದ. ನೋಡಿದ್ದು ತಡ. ಒಂದು ನಗುವಿನ ಹೊತ್ತು, ಸೆಕೆಂಡಿಗಿಂತ ಸ್ವಲ್ಪ ಹೆಚ್ಚು, ಅದರ ಬೆಲೆ 13 ಮೀಟರ್. ಬ್ರೇಕನ್ನು ಎಷ್ಟೇ ಚೆನ್ನಾಗಿ ಕಲಿತರೂ ಕಳೆದುಹೋದ ಆ ಸೆಕೆಂಡನ್ನು ಅದು ವಾಪಸ್ ಕೊಡುವುದಿಲ್ಲ. ಇದು ಹಗಲು, 40ರ ವೇಗ, ಬಾವುಟ ಬರುತ್ತೆ ಅಂತ ಗೊತ್ತಿದ್ದ ಅಂಗಳ. ರಾತ್ರಿ ಎರಡು ಗಂಟೆ, 90ರ ವೇಗ, ದೀಪವಿಲ್ಲದೆ ನಿಂತ ಲಾರಿ ಅಂತ ನಾನು ಹೇಳಬೇಕಾಗಲಿಲ್ಲ.

ಅಪ್ಪ ಕೀ ಕೊಟ್ಟರಾ? ಕೊಟ್ಟರು. ಆದರೆ ಅಪ್ಪ ಮಗ ಆ ಡಬ್ಬಗಳ ಪಕ್ಕದಲ್ಲೇ ನಿಂತು ಮಾತಾಡಿಕೊಂಡರು. ರಾತ್ರಿ ಹೊರಡುವುದಿಲ್ಲ, ಶನಿವಾರ ಬೆಳಕಾದ ಮೇಲೆ. ವೇಗ 80 ದಾಟುವುದಿಲ್ಲ. ಎರಡು ಗಂಟೆಗೊಮ್ಮೆ ನಿಲ್ಲಿಸಬೇಕು. ಘಾಟಿ ಇಳಿಯುವುದಿಲ್ಲ, ಸಕಲೇಶಪುರದಲ್ಲೇ ನಿಲ್ಲಿಸಿ ಅಲ್ಲಿ ಜೀಪು ಮಾಡಿಕೊಳ್ಳೋದು. "ಸೂರ್ಯ ಹುಟ್ಟೋದು ಭಾನುವಾರ ನೋಡ್ತೀವಿ" ಅಂದ ಹುಡುಗ. ಮುಖ ಅಷ್ಟೇನೂ ಖುಷಿಯಾಗಿರಲಿಲ್ಲ. ಅವರಪ್ಪನ ಮುಖವೂ. ಆದರೆ ಈ ಷರತ್ತುಗಳಲ್ಲಿ ಅರ್ಧ ಹಾಕಿದ್ದು ಮಗನೇ, ಅದು ನನಗೆ ಸಾಕೆನಿಸಿತು.

ನಿಮಗೂ ಇದನ್ನು ಮಾಡಿ ನೋಡಬೇಕು ಅನ್ನಿಸಿದರೆ, ದಯವಿಟ್ಟು ರಸ್ತೆಯಲ್ಲಿ ಬೇಡ. ಬೆಳಗ್ಗೆ ಐದು ಗಂಟೆಗೆ ಖಾಲಿ ಇರುವ ಲೇಔಟ್ ರಸ್ತೆಯೂ ರಸ್ತೆಯೇ, ವಾಕಿಂಗ್ ಬರುವ ತಾತ, ಹಾಲಿನವನು ಅಲ್ಲೇ ಇರ್ತಾರೆ. ಗೇಟಿರುವ ಖಾಸಗಿ ಅಂಗಳ ಬೇಕು, ಒಡೆಯರ ಅನುಮತಿ ಬೇಕು, ಮುಂದೆ ಕನಿಷ್ಠ ಐವತ್ತು ಮೀಟರ್ ಬರೀ ಖಾಲಿ ಜಾಗ ಬೇಕು, ಪಕ್ಕದಲ್ಲಿ ಅನುಭವಿ ಬೇಕು. 30ರಿಂದ ಶುರು ಮಾಡಿ, 50ಕ್ಕೆ ಮುಗಿಸಿ. ಜಲ್ಲಿ, ಮರಳು ಇರುವ ಕಡೆ ಬೇಡ, ಅಲ್ಲಿ ಎಬಿಎಸ್ ಇದ್ದರೂ ಕಾರು ಇನ್ನೂ ದೂರ ಹೋಗುತ್ತೆ. ಹಳೇ ಕಾರಾಗಿದ್ದರೆ ಮೊದಲು ಎಬಿಎಸ್ ಇದೆಯಾ ಅಂತ ಮ್ಯಾನುಯಲ್‌ನಲ್ಲಿ ನೋಡಿ. ಕೀ ತಿರುಗಿಸಿದಾಗ ಡ್ಯಾಶ್‌ಬೋರ್ಡಿನಲ್ಲಿ ಹೊತ್ತಿಕೊಳ್ಳುವ ಎಬಿಎಸ್ ದೀಪ ಆರದೆ ಉಳಿದರೆ ಅಭ್ಯಾಸ ಬೇಡ, ಗ್ಯಾರೇಜಿಗೆ ಹೋಗಿ.

ಇಷ್ಟೆಲ್ಲ ವ್ಯವಸ್ಥೆ ಆಗದಿದ್ದರೂ ಒಂದು ಅಭ್ಯಾಸ ಇವತ್ತೇ ಮಾಡಬಹುದು, ಅದಕ್ಕೆ ಬ್ರೇಕ್ ಒತ್ತಬೇಕಾಗಿಲ್ಲ. ನಾಳೆ ಆಫೀಸಿಗೆ ಹೋಗುವಾಗ 50ರಲ್ಲಿದ್ದರೆ ಮುಂದಿನ ಒಂದು ಕಂಬವನ್ನೋ ಮರವನ್ನೋ ನೋಡಿ. ಅದು ಈಗ ನಿಮ್ಮಿಂದ ಎರಡು ಸೆಕೆಂಡ್ ದೂರದಲ್ಲಿದ್ದರೆ, ಅಂದರೆ "ಸಾವಿರದ ಒಂದು, ಸಾವಿರದ ಎರಡು" ಅಂತ ಎಣಿಸುವಷ್ಟರಲ್ಲಿ ನೀವು ಅದನ್ನು ದಾಟಿದರೆ, ನಿಮ್ಮ ಕಾರು ಈ ಕ್ಷಣ ಎಲ್ಲವನ್ನೂ ಸರಿಯಾಗಿ ಮಾಡಿದರೂ ನಿಲ್ಲುವುದು ಹೆಚ್ಚುಕಡಿಮೆ ಆ ಕಂಬದ ಹತ್ತಿರ. ಮಳೆಯಾಗಿದ್ದರೆ ಅದಕ್ಕಿಂತ ಇನ್ನೂ ಆಚೆ. ಈಗ ಮುಂದಿನ ಗಾಡಿ ಎಲ್ಲಿದೆ ನೋಡಿ.

ಬಹುಶಃ ಕಾಲು ತಾನಾಗಿ ಆಕ್ಸಿಲರೇಟರ್ ಮೇಲಿಂದ ಸ್ವಲ್ಪ ಮೇಲೇಳುತ್ತೆ. ನಾವು ಭಾನುವಾರ ಬೆಳಗ್ಗೆ ಇಷ್ಟೆಲ್ಲ ಕೋನು ಹೊತ್ತುಕೊಂಡು ಹೋಗುವುದು ಅಷ್ಟಕ್ಕೇ.